ತಂಗಿಯ ಮನೆಗೆ ಹೋದ ಡಬ್ಬಿ

ಈಗ ನನ್ನನ್ನು ನೋಡಿದವರು ಮೊದಲು ತೆಗೆಯುವುದು ತೂಕದ ಮಾತನ್ನೇ. ನಾವು ಕೆಲಸಕ್ಕಿರುವ ಅಪಾರ್ಟ್‌ಮೆಂಟಿನ ಹೆಂಗಸರು ಲಿಫ್ಟಿನ ಮುಂದೆ ನಿಲ್ಲಿಸಿ, ಏನು ತಿಂದು ಇಷ್ಟು ಇಳಿದೆ, ನಮಗೂ ಹೇಳು ಎನ್ನುತ್ತಾರೆ. ಜೋಳದ ರೊಟ್ಟಿ, ಪಲ್ಯ ಎನ್ನುತ್ತೇನೆ. ಅದು ನಿಜ. ಆ ರೊಟ್ಟಿಯನ್ನು ಬಡಿದು ಕಳಿಸುತ್ತಿದ್ದವಳು ಯಾರು, ಅದಕ್ಕೆ ಬದಲಾಗಿ ನಾನು ಅವಳಿಗೆ ಏನು ಕಳಿಸುತ್ತಿದ್ದೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ. ನನ್ನ ಓದು ಏಳನೇ ತರಗತಿಗೆ ನಿಂತಿತು. ಬಂದಷ್ಟು ಬರೆಯುತ್ತೇನೆ.

ನಮ್ಮದು ರಾಯಚೂರು ಕಡೆಯ ಹಳ್ಳಿ. ನಾನು ಹಿರಿಯಳು, ನನ್ನ ಹಿಂದೆ ಹುಟ್ಟಿದವಳು ಶರಣಮ್ಮ, ಎಲ್ಲರ ಬಾಯಲ್ಲಿ ಶರಣಿ. ಕೊನೆಯವನು ತಮ್ಮ, ಅವನು ಊರಲ್ಲೇ ಇದ್ದಾನೆ. ಮದುವೆಯಾದ ಮೇಲೆ ನಾವಿಬ್ಬರೂ ಹೈದರಾಬಾದಿಗೆ ಬಂದೆವು. ನಮ್ಮ ಮನೆಯವರು ಮಣಿಕೊಂಡದಲ್ಲಿ ಐದಂತಸ್ತಿನ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್. ನೆಲದ ಕೆಳಗೆ ಕಾರು ನಿಲ್ಲಿಸುವ ಸೆಲ್ಲಾರಿನ ಮೂಲೆಯ ಒಂದು ಕೋಣೆಯೇ ನಮ್ಮ ಮನೆ. ಶರಣಿಯ ಗಂಡ ಕಟ್ಟಡಗಳಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಅವರದು ಹಿಂದಿನ ಗಲ್ಲಿಯಲ್ಲಿ ತಗಡಿನ ಶೆಡ್ಡು. ನಮ್ಮ ಬಿಲ್ಡಿಂಗಿನ ಮೂರನೇ ಅಂತಸ್ತಿನ ಎರಡು ಮನೆಗಳಲ್ಲಿ ಪಾತ್ರೆ, ನೆಲದ ಕೆಲಸವನ್ನು ಅವಳಿಗೆ ಹಿಡಿಸಿಕೊಟ್ಟವಳು ನಾನೇ.

ನಾನು ಕೂತು ಉಂಡದ್ದೇ ಕಡಿಮೆ. ಬೆಳಿಗ್ಗೆ ಮೋಟರ್ ಹಾಕಿ, ಕಸ ಇಳಿಸಿ, ಮಗಳಿಗೆ ಜಡೆ ಹಾಕಿ, ಮಗನನ್ನು ಬೈದು ಎಬ್ಬಿಸಿ, ಇಬ್ಬರಿಗೂ ಡಬ್ಬಿ ಕಟ್ಟಿ, ಮೆಟ್ಟಿಲು ತೊಳೆದು ಕೆಳಗೆ ಬರುವಷ್ಟರಲ್ಲಿ ಹೊಟ್ಟೆಯೊಳಗೆ ಬೆಂಕಿ ಬಿದ್ದಿರುತ್ತಿತ್ತು. ಆಗ ಕೈಗೆ ಸಿಕ್ಕಿದ್ದು ತಿನ್ನುತ್ತಿದ್ದೆ. ಮಗ ಬಿಟ್ಟ ಉಪ್ಪಿಟ್ಟು, ಮಗಳು ಮುರಿದಿಟ್ಟ ಬಿಸ್ಕತ್ತು, ನಿನ್ನೆಯ ಅನ್ನ. ಇದರ ಮೇಲೆ ಮೇಲಿನ ಮನೆಗಳಿಂದ ಬರುವುದು ಬೇರೆ. ಭಾನುವಾರ ಮಿಕ್ಕ ಬಿರಿಯಾನಿ, ಹುಟ್ಟುಹಬ್ಬದ ಕೇಕು, ವ್ರತದ ದಿನ ಪುಳಿಹೊರ ಎನ್ನುವ ಹುಳಿಯನ್ನ, ಮದುವೆಗೆ ಹೋಗಿ ಬಂದವರ ಮಿಠಾಯಿ ಬಾಕ್ಸು. ಇಂಟರ್‌ಕಾಮ್‌ನಲ್ಲಿ ಕರೆದು ಕೊಡುತ್ತಾರೆ. ಒಂದು ಸಲ ಬೇಡ ಎಂದರೆ ಮುಂದಿನ ಸಲ ಪಕ್ಕದ ಬಿಲ್ಡಿಂಗಿನ ವಾಚ್‌ಮನ್ ಹೆಂಡತಿಗೆ ಹೋಗುತ್ತದೆ. ಆಮೇಲೆ ಹಳೆ ಬಟ್ಟೆಯೂ ಅವಳಿಗೇ, ಮಕ್ಕಳ ಪುಸ್ತಕವೂ ಅವಳಿಗೇ. ಹಾಗಾಗಿ ಯಾರೂ ಬೇಡ ಎನ್ನುವುದಿಲ್ಲ. ತಂದ ಮೇಲೆ ಚೆಲ್ಲುವುದಂತೂ ಆಗದ ಮಾತು. ತಟ್ಟೆಯ ಸುತ್ತ ಬಿದ್ದ ಅಗುಳನ್ನೂ ಅವ್ವ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ಹೊಟ್ಟೆಯಲ್ಲಿ ಹುಟ್ಟಿದವರು ನಾವು.

ಹೀಗೆ ತಿಂದು ತಿಂದು ನಾನು ದಪ್ಪಗಾದೆ. ಮೂರನೇ ಅಂತಸ್ತಿಗೆ ಹೋಗುವಷ್ಟರಲ್ಲಿ ಉಸಿರು ಸಿಗುತ್ತಿರಲಿಲ್ಲ. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ಒಂದು ದಿನ ಬಕೆಟ್ಟಿನ ಸಮೇತ ಮೆಟ್ಟಿಲ ಮೇಲೆ ಕುಸಿದು ಕೂತೆ. ನಮ್ಮ ಮನೆಯವರು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದರು.

ಅಲ್ಲಿ ಬರಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆದು, ಏನಾದರೂ ತಿಂದು ಕಾಯ್ದಿರು, ಇನ್ನೊಮ್ಮೆ ತೆಗೆಯಬೇಕು ಎಂದರು. ಗೊತ್ತಿದ್ದವರು ಮನೆಯಿಂದ ಡಬ್ಬಿ ತಂದಿದ್ದರು. ಗೋಡೆಗೆ ಒರಗಿ ಕೂತು ಒಬ್ಬೊಬ್ಬರೇ ಬಿಚ್ಚಿ ತಿನ್ನುತ್ತಿದ್ದರು. ನಮ್ಮ ಮನೆಯವರು ಗೇಟಿಗೆ ಯಾರೂ ಇಲ್ಲವೆಂದು ಹೊರಟುಹೋಗಿದ್ದರು. ನಾನು ಕೈಯಲ್ಲಿ ಹತ್ತಿ ಒತ್ತಿಕೊಂಡು ಸುಮ್ಮನೆ ಕೂತಿದ್ದೆ. ಪಕ್ಕದಲ್ಲಿದ್ದ ತೆಲುಗು ಮುದುಕಿ ನನ್ನ ಮುಖ ನೋಡಿ, ತನ್ನ ಎರಡು ಇಡ್ಲಿಯಲ್ಲಿ ಒಂದನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು ನನ್ನ ಕಡೆ ಸರಿಸಿದಳು. ಆ ದಿನ ನನಗೆ ಅಳು ಬಂದದ್ದು ಅದೊಂದಕ್ಕೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಷುಗರ್ ಬಹಳ ಇದೆ ಎಂದಳು. "ಭಯಪಡಕಮ್ಮಾ", ಹೆದರಬೇಡ ಎಂದು ತೆಲುಗಿನಲ್ಲೇ ಸಮಾಧಾನ ಹೇಳಿದಳು. ಗುಳಿಗೆ ಬರೆದಳು. ತೂಕ ಇಳಿಸಬೇಕು, ಅನ್ನ ಕಡಿಮೆ, ಸಿಹಿ ಬಂದ್, ಜೋಳದ ರೊಟ್ಟಿ ತಿನ್ನು, ಸೊಪ್ಪು ತಿನ್ನು, ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ಮುಟ್ಟಬೇಡ ಎಂದಳು. ಅದು ಅವಳಿಗೆ ಹೇಗೆ ಗೊತ್ತಾಯಿತೋ. ಆಮೇಲೆ ತಂದೆ ತಾಯಿಗೆ ಇತ್ತಾ ಎಂದು ಕೇಳಿದಳು. ಅವ್ವನ ಕಾಲಿನ ಹುಣ್ಣು ಮಾಯಲಿಲ್ಲ, ಅದರಲ್ಲೇ ಹೋದಳು, ಊರಿನವರು ಸೋಂಕು ಎಂದರು ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಅಕ್ಕ ತಂಗಿ, ಅಣ್ಣ ತಮ್ಮ ಇದ್ದಾರಾ, ಇದ್ದರೆ ಅವರೆಲ್ಲ ಪರೀಕ್ಷೆ ಮಾಡಿಸಲೇಬೇಕು, ಹತ್ತಿರ ಇದ್ದವರನ್ನು ಮುಂದಿನ ಸಲ ಜೊತೆಗೆ ಕರೆದುಕೊಂಡು ಬಾ ಎಂದಳು. ಹೂಂ ಎಂದೆ.

ಕರೆದುಕೊಂಡು ಹೋಗಲಿಲ್ಲ.

ಮೊದಲನೆಯ ಕಾರಣ ನಮ್ಮ ಮನೆಯವರ ಮಾತು. "ಯಾರ ಮುಂದೂ ಬಾಯಿ ಬಿಡಬ್ಯಾಡ. ಜಡ್ಡಿನ ಹೆಂಗಸು ಮೆಟ್ಟಿಲು ಹೆಂಗ ತೊಳೀತಾಳ ಅಂತ ಬ್ಯಾರೆದವ್ರನ್ನ ತಂದು ಕುಂದ್ರಸ್ತಾರ. ಮಕ್ಕಳ ಸಾಲಿ ಇಲ್ಲೇ ಐತಿ."

"ಶರಣಿಗರ ಹೇಳ್ಲಿ?"

"ಶರಣಿಗೆ ಹೇಳಿದ್ರ ಮೂರನೇ ಮಾಳಿಗಿಗೆ ಹೇಳಿದಂಗ. ಆಕಿ ಬಾಯಾಗ ಏನರ ನಿಲ್ತೈತೇನು?"

ಅದು ಸುಳ್ಳಲ್ಲ. ಶರಣಿ ಮಾತಿನವಳು. ಸ್ವಲ್ಪ ದಿನ ಹೋಗಲಿ ಎಂದುಕೊಂಡೆ.

ಮೇಲಿನಿಂದ ಬರುವುದು ನಿಲ್ಲಲಿಲ್ಲ. ನಾನು ತಿನ್ನುವ ಹಾಗಿಲ್ಲ, ಬೇಡ ಎನ್ನುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ. ನಮ್ಮಲ್ಲಿ ಒಂದರ ಮೇಲೊಂದು ಕೂರುವ ಮೂರು ತಾಟಿನ ದೊಡ್ಡ ಸ್ಟೀಲ್ ಡಬ್ಬಿಯೊಂದಿತ್ತು. ಅದರಲ್ಲಿ ತುಂಬಿ, ಶರಣಿ ಸಂಜೆ ಕೆಲಸ ಮುಗಿಸಿ ಇಳಿದು ಬರುವಾಗ ಅವಳ ಕೈಗೆ ಕೊಡತೊಡಗಿದೆ. ಮನೆಗೆ ಬಂದ ಡಬ್ಬಿಯನ್ನು ನಾವು ಖಾಲಿ ಹಿಂತಿರುಗಿಸುವುದಿಲ್ಲ, ಏನಿಲ್ಲವೆಂದರೂ ಒಂದು ಹಿಡಿ ಶೇಂಗಾ ಆದರೂ ಹಾಕುತ್ತೇವೆ. ಶರಣಿ ಬೆಳಿಗ್ಗೆ ಬರುವಾಗ ಅದೇ ಡಬ್ಬಿಯಲ್ಲಿ ರೊಟ್ಟಿ ತಂದಳು. ಶೆಡ್ಡಿನ ಹಿಂದೆ ಅವಳು ಕಲ್ಲಿಟ್ಟು ಕಟ್ಟಿಗೆ ಒಲೆ ಹೂಡಿದ್ದಳು. ಆ ಒಲೆಯ ಮೇಲಿನ ತೆಳ್ಳನೆ ರೊಟ್ಟಿ, ಪುಂಡಿಪಲ್ಯ, ಒಂದೊಂದು ದಿನ ಹೆಸರುಕಾಳು, ಹಸಿ ಉಳ್ಳಾಗಡ್ಡಿ. ಡಾಕ್ಟರಮ್ಮ ಹೇಳಿದ್ದೆಲ್ಲ ಆ ಡಬ್ಬಿಯಲ್ಲಿತ್ತು. ನನಗಾದರೆ ಒಂದೇ ಬರ್ನರಿನ ಗ್ಯಾಸು, ರೊಟ್ಟಿ ಬಡಿಯಲು ಪುರುಸೊತ್ತು ಎಲ್ಲಿಂದ ತರಲಿ?

"ಭಾಳ ರುಚಿ ಅದಾವು. ದಿನಾ ತರ್ತೀಯೇನು?" ಎಂದೆ.

ಅವಳು ನಕ್ಕಳು. "ಕಾಲ ಉಲ್ಟಾ ಆತು ನೋಡಕ್ಕಾ. ಮಾಳಿಗಿ ಮನಿಯಾಕಿಗೆ ರೊಟ್ಟಿ, ತಗಡಿನ ಶೆಡ್ಡಿನಾಕಿಗೆ ಬಿರಿಯಾನಿ."

"ಮಾಳಿಗಿ ಬುಡದಾಗಿನಾಕಿ ಅನ್ನು."

"ಯಾವ್ದೋ ಒಂದು. ನಮ್ಮ ಹುಡುಗ್ರಂತೂ ನಿನ್ನ ಡಬ್ಬಿ ದಾರಿ ನೋಡ್ತಾವ. ನಿಮ್ಮ ಬಿಲ್ಡಿಂಗ್‌ನಾಗ ದಿನಾ ಯಾರ್ದರ ಮದ್ವಿ ಇರ್ತೈತೇನು?"

ಹೀಗೆ ಶುರುವಾಯಿತು. ಅವಳ ಮಕ್ಕಳು ಬೇಕಾದ್ದು ಆರಿಸಿ ತಿನ್ನುತ್ತಿದ್ದವು. ಉಳಿದದ್ದನ್ನು ಚೆಲ್ಲಬಾರದೆಂದು ಅವಳು ತಿನ್ನುತ್ತಿದ್ದಳು. ನಾನು ಏನು ಮಾಡಿ ಷುಗರ್ ತಂದುಕೊಂಡಿದ್ದೆನೋ ಅದನ್ನೇ ಡಬ್ಬಿಗೆ ಹಾಕಿ ದಿನಾ ತಂಗಿಗೆ ಕೊಟ್ಟೆ. ಅವ್ವನ ರಕ್ತವೇ ಅವಳದೂ ಎನ್ನುವುದು ನನಗೆ ಗೊತ್ತಿತ್ತು.

ತೂಕ ಇಳಿಸುವುದು ಸುಲಭವಾಗಿತ್ತು ಎಂದು ಯಾರೂ ತಿಳಿಯಬಾರದು. ಮೊದಲ ತಿಂಗಳು ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಗನ ತಟ್ಟೆಯಲ್ಲಿ ಅರ್ಧ ಪರೋಟ ಉಳಿದರೆ ನನ್ನ ಕೈ ತಾನಾಗಿಯೇ ಹೋಗುತ್ತಿತ್ತು. ಪೂರಾ ತಿಂದು ಏಳು ಎಂದು ಗದರಿದರೆ ಅವನು, "ಯವ್ವಾ, ನೀ ತಿನ್ನಂಗಿಲ್ಲ ಅಂತ ನಾ ಯಾಕ ಹೊಟ್ಟಿ ಒಡಕೋಬೇಕು?" ಎನ್ನುತ್ತಿದ್ದ. ಕೊನೆಗೆ ಮೊದಲೇ ಕಡಿಮೆ ಬಡಿಸುವುದನ್ನು ಕಲಿತೆ. ಮಕ್ಕಳು ಸಾಲಿಗೆ ಹೋದ ಕೂಡಲೇ, ಮೆಟ್ಟಿಲಿಗೆ ಹೋಗುವ ಮೊದಲು, ಕೂತು ಎರಡು ರೊಟ್ಟಿ ತಿನ್ನುವುದನ್ನು ಕಲಿತೆ. ಹಾಗೆ ಕೂತು ತಿನ್ನಲು ಮೊದಮೊದಲು ನಾಚಿಕೆಯಾಗುತ್ತಿತ್ತು, ಕೆಲಸ ಬಿಟ್ಟು ಕೂತ ಹಾಗೆ. ಸಂಜೆ ಸೆಲ್ಲಾರಿನಲ್ಲೇ ಕಾರುಗಳ ನಡುವೆ ಸುತ್ತು ಹಾಕುತ್ತಿದ್ದೆ. "ಮೇಡಂ ವಾಕಿಂಗ್ ಹೊಂಟಾರ, ಗೇಟ್ ತಗೀಲೇನ್ರಿ?" ಎಂದು ನಮ್ಮ ಮನೆಯವರು ಚೇಷ್ಟೆ ಮಾಡುತ್ತಿದ್ದರು.

ಆದರೂ ಇಳಿದೆ. ರವಿಕೆಗಳು ಸಡಿಲವಾದವು. ಡಾಕ್ಟರಮ್ಮ ಬೆನ್ನು ತಟ್ಟಿದಳು. ತಂಗಿಯನ್ನು ಕರೆತಂದೆಯಾ ಎಂದು ಮತ್ತೆ ಕೇಳಿದಳು. ಅವಳು ಊರಿಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿದೆ. ಆಗ ಶರಣಿ ಮೂರನೇ ಅಂತಸ್ತಿನಲ್ಲಿ ನೆಲ ಒರೆಸುತ್ತಿದ್ದಳು.

ಈ ಹೊತ್ತಿಗೆ ಗೇಟಿನ ಕೆಲಸ ಹೋಗುವ ಭಯ ಉಳಿದಿರಲಿಲ್ಲ. ನಾನು ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದೆ. ಹಾಗಾದರೆ ಯಾಕೆ ಹೇಳಲಿಲ್ಲ? ಹೇಳಿದರೆ ಅವಳು ಡಬ್ಬಿ ಒಯ್ಯುವುದನ್ನು ಬಿಡುತ್ತಾಳೆ. ಅವಳು ಡಬ್ಬಿ ಬಿಟ್ಟರೆ ನನಗೆ ರೊಟ್ಟಿ ಬರುವುದಿಲ್ಲ, ಮೇಲಿನಿಂದ ಬಂದದ್ದು ನನ್ನ ಕೋಣೆಯಲ್ಲೇ ಉಳಿಯುತ್ತದೆ, ನನ್ನ ಕೈ ತಡೆಯುವುದಿಲ್ಲ. ನಾನು ಉಳಿಯಬೇಕಿತ್ತು, ಅಷ್ಟೇ. ಇಷ್ಟು ಸ್ಪಷ್ಟವಾಗಿ ಆಗ ಯೋಚಿಸಿರಲಿಲ್ಲ. ಆದರೆ ಮಾಡಿದ್ದು ಅದನ್ನೇ.

ಶರಣಿ ಮೊದಲು ದುಂಡಗಾದಳು. ಚಿಕ್ಕಂದಿನಿಂದ ಕಡ್ಡಿಯಂತಿದ್ದವಳ ಮುಖ ತುಂಬಿಕೊಂಡಿತು. ಎಲ್ಲರೂ ಚೆಂದ ಕಾಣುತ್ತಿ ಎಂದರು. ಒಂದು ದೀಪಾವಳಿ ಕಳೆದು ಇನ್ನೊಂದು ಬರುವ ಹೊತ್ತಿಗೆ ತಾನಾಗಿಯೇ ಇಳಿಯತೊಡಗಿದಳು. ಕೆಲಸಕ್ಕೆ ಬಂದವಳು ಮೊದಲು ನಮ್ಮ ಕೋಣೆಗೆ ಬಂದು ಚೊಂಬು ನೀರು ಕುಡಿಯುತ್ತಿದ್ದಳು. ಹೋಗುವಾಗ ಮತ್ತೊಂದು ಚೊಂಬು. ಒಂದು ಸಂಜೆ ಡಬ್ಬಿ ಎತ್ತಿಕೊಳ್ಳುತ್ತಾ ಸೀರೆಯ ನೆರಿಗೆ ಹಿಡಿದು ತೋರಿಸಿದಳು.

"ಅಕ್ಕಾ, ನಾನೂ ನಿನ್ನಂಗ ಸಣ್ಣ ಆಗಾಕತ್ತೀನಿ ನೋಡು. ನೀ ಬಾಯಿ ಕಟ್ಟಿ ಆದಿ, ನಾ ಎಲ್ಲಾ ತಿಂದು ಆಗಾಕತ್ತೀನಿ."

ಬಾಯಾರಿಕೆ, ತಾನಾಗಿ ಇಳಿಯುವುದು, ಇವೆರಡೂ ಷುಗರಿನ ಗುರುತೆಂದು ದವಾಖಾನೆಯ ಗೋಡೆಗೆ ಒರಗಿ ಕೂತು ಕಾಯುವಾಗ ನಾನು ನೂರು ಬಾಯಲ್ಲಿ ಕೇಳಿದ್ದೆ. ಡಬ್ಬಿ ಅವಳ ಕೈಯಲ್ಲಿತ್ತು. ಮೇಲಿನ ತಾಟಿನಲ್ಲಿ ಜಿಲೇಬಿ ಇತ್ತು.

"ಚೊಲೋ ಆತು ಬಿಡು," ಎಂದೆ.

ನನ್ನ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ ಈ ಒಂದು ಮಾತನ್ನು ತೋರಿಸುತ್ತೇನೆ. ಅದಕ್ಕೆ ಮೊದಲಿನದಕ್ಕೆಲ್ಲ ಏನಾದರೂ ನೆಪ ಹೇಳಬಹುದು. ಇದಕ್ಕೆ ಇಲ್ಲ.

ಚಳಿಗಾಲದಲ್ಲಿ ಶೆಡ್ಡಿನ ಹಿಂದೆ ತಗಡಿನ ಚೂರು ತುಳಿದು ಅವಳ ಅಂಗಾಲು ಕೊಯ್ದುಕೊಂಡಿತು. ಅರಿಶಿನ ಒತ್ತಿ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬರುತ್ತಲೇ ಇದ್ದಳು. ದಿನಾ ನೀರಿನಲ್ಲಿ ನಿಂತು ನೆಲ ತೊಳೆಯುವ ಕಾಲು ಅದು. ನಾನು ಕೇಳಿದರೆ, "ನೋವಿಲ್ಲಕ್ಕಾ, ನೋವಿದ್ರ ನಾನ ಹೇಳ್ತಿದ್ದಿಲ್ಲೇನು?" ಎನ್ನುತ್ತಿದ್ದಳು. ಷುಗರ್ ಹೆಚ್ಚಾದರೆ ಕಾಲಿನ ಗಾಯ ನೋಯುವುದಿಲ್ಲ, ನೋವಿಲ್ಲದ್ದೇ ಕೆಟ್ಟದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿಯ ಡಬ್ಬಿ ಕೊಡಲು ಕೋಣೆಯೊಳಗೆ ಬಂದಾಗ ವಾಸನೆ ಬಂತು. ಅವ್ವನ ಕೋಣೆಯ ವಾಸನೆ. ಬಟ್ಟೆ ಬಿಚ್ಚಿಸಿದೆ. ಕಿರುಬೆರಳು, ಅದರ ಪಕ್ಕದ್ದು, ಎರಡೂ ಕಪ್ಪಾಗಿದ್ದವು.

ದೊಡ್ಡ ಸರ್ಕಾರಿ ಆಸ್ಪತ್ರೆಗೆ ಆಟೊದಲ್ಲಿ ಹೋದೆವು. ಅಲ್ಲಿ ಕಾಯುವವರು ಎಷ್ಟಿದ್ದರೆಂದರೆ ಕಾಲಿಡಲು ಜಾಗವಿರಲಿಲ್ಲ. ಶರಣಿಯನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ನಾನು ಹಿಂದೆ ನಿಂತಿದ್ದೆ. ಅವಳು ಮೆಲ್ಲಗೆ, "ಇವತ್ತು ಮೂರನೇ ಮಾಳಿಗಿಯವ್ರ ಮನಿಗೆ ನೆಂಟ್ರು ಬರ್ತಾರ, ಪಾತ್ರೆ ಭಾಳ ಬೀಳ್ತಾವು. ನೀ ಹೋಗಿ ತೊಳದು ಕೊಡ್ತೀಯೇನು?" ಎಂದಳು. ಹೂಂ ಎಂದೆ. ರಕ್ತ ನೋಡಿದ ಡಾಕ್ಟರು ನಮ್ಮಿಬ್ಬರ ಮುಖ ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರು. ಮನೆಯಲ್ಲಿ ಇನ್ನು ಯಾರಿಗಾದರೂ ಷುಗರ್ ಇದೆಯಾ ಎಂದು ಕೇಳಿದರು.

"ನಮ್ಮವ್ವಗ ಇತ್ತೋ ಏನೋ ಗೊತ್ತಿಲ್ರಿ," ಎಂದಳು ಶರಣಿ. "ಮತ್ಯಾರಿಗೂ ಇಲ್ಲ."

ನನ್ನ ಗುಳಿಗೆಯ ಚೀಟಿ ನನ್ನ ಚೀಲದಲ್ಲಿತ್ತು. ಅವಳ ಕುರ್ಚಿಯ ಹಿಡಿ ಹಿಡಿದು ನಿಂತಿದ್ದೆ.

ಮೊದಲು ಬೆರಳು ತೆಗೆದರು. ಕೊಳೆಯುವುದು ನಿಲ್ಲಲಿಲ್ಲ. ಆಮೇಲೆ ಮೊಣಕಾಲಿನ ಕೆಳಗೆ ತೆಗೆದರು. ಆಪರೇಷನ್ನಿಗೆ ಒಯ್ಯುವಾಗ ಅವಳು ನನ್ನ ಕೈ ಹಿಡಿದು, "ನೀ ಇರು ಇಲ್ಲೇ," ಎಂದಳು. ಇದ್ದೆ. ಅವಳ ಗಂಡ ಕಾರಿಡಾರಿನ ಕೊನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವರ ಮಗಳು ಭಾಗ್ಯ ಅವತ್ತಿನಿಂದ ಸಾಲಿ ಬಿಟ್ಟು ಒಲೆಯ ಮುಂದೆ ಕೂತಳು. ತಾಯಿಯ ಹಾಗೆಯೇ ತೆಳ್ಳಗೆ ರೊಟ್ಟಿ ಬಡಿಯುತ್ತಾಳೆ. ಅಂಥ ಸ್ಥಿತಿಯಲ್ಲೂ ನನ್ನ ಡಬ್ಬಿಗೆ ರೊಟ್ಟಿ ತಪ್ಪಿಸಬೇಡ ಎಂದು ಶರಣಿ ಆಸ್ಪತ್ರೆಯ ಮಂಚದಿಂದಲೇ ಹೇಳಿ ಕಳಿಸುತ್ತಿದ್ದಳು. ನಾನು ಅದನ್ನು ತಿಂದೆ.

ಷುಗರ್ ಆ ಡಬ್ಬಿಯಿಂದಲೇ ಬಂತು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ತಾಯಿಯ ಕಡೆಯಿಂದಲೇ ಬಂದಿರಬೇಕು, ಎಂದಾದರೂ ಬರುತ್ತಿತ್ತು ಎಂದರು. ಮೊದಲೇ ತಿಳಿದಿದ್ದರೆ ಕಾಲು ಉಳಿಸಬಹುದಿತ್ತು ಎಂದೂ ಅವರೇ ಹೇಳಿದರು. ನನಗೆ ಮೊದಲೇ ತಿಳಿದಿತ್ತು.

ಅವಳು ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ಗಂಡ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ನಾನೇ ರೊಟ್ಟಿ ಬಡಿದುಕೊಂಡು ಅದೇ ಡಬ್ಬಿಯಲ್ಲಿ ಒಯ್ದೆ. ಅವುಗಳ ಅಂಚೆಲ್ಲ ಸೀಳಿತ್ತು. ಅವಳು ಮಂಚದ ಮೇಲೆ ಕೂತು ಡಬ್ಬಿ ಬಿಚ್ಚಿ ನೋಡಿ ನಕ್ಕಳು.

"ಇವು ರೊಟ್ಟಿ ಏನಕ್ಕಾ, ಊರಿನ ನಕ್ಷೆ ಏನು?"

ಅವಳು ಮೊದಲ ತುತ್ತು ತಿನ್ನುವಾಗ ಹೇಳಿದೆ. ನನಗೆ ಷುಗರ್ ಇದೆ, ನಿನಗಿಂತ ಮೊದಲಿನಿಂದ ಇದೆ, ನಿನ್ನನ್ನು ಕರೆದುಕೊಂಡು ಬಾ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ್ದಳು, ನಾನು ತಿನ್ನಬಾರದ್ದನ್ನೇ ನಿನ್ನ ಡಬ್ಬಿಗೆ ಹಾಕುತ್ತಿದ್ದೆ ಎಂದು ಎಲ್ಲವನ್ನೂ ಹೇಳಿದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. ತುತ್ತು ನುಂಗಿ ಕೇಳಿದಳು, "ನಾ ಸಣ್ಣ ಆಗಾಕತ್ತೀನಿ ಅಂದೆನಲ್ಲ, ಅವತ್ತು?"

"ಗೊತ್ತಿತ್ತು."

"ಚೊಲೋ ಆತು ಅಂದಿ."

"ಹೂಂ."

"ಅವ್ವನ ಕಾಲು ಯಾರು ತೊಳೀತಿದ್ರು, ನೆನಪೈತಿ?"

ನೆನಪಿತ್ತು. ನನಗೆ ಆಗ ಮದುವೆಯಾಗಿತ್ತು. ಅವ್ವನ ಹುಣ್ಣು ತೊಳೆದು ಬಟ್ಟೆ ಕಟ್ಟುತ್ತಿದ್ದವಳು ಶರಣಿ, ಇನ್ನೂ ಚಿಕ್ಕ ಹುಡುಗಿ.

"ವಾಸನಿ ಬಂದ ದಿನಾನ ನನಗ ತಿಳೀತು, ಇದು ಅವ್ವಂದ ಅಂತ," ಎಂದಳು. "ಅಂಜಿ ಬಟ್ಟಿ ಸುತ್ತಿಕೊಂಡೆ. ಅಕ್ಕನ ಮುಂದ ಹೇಳಿದ್ರ ಆಕಿ ಅಂಜ್ತಾಳ ಅಂತ ಹೇಳ್ಲಿಲ್ಲ."

ಆಮೇಲೆ ಮಗಳನ್ನು ಕರೆದಳು. "ಭಾಗ್ಯಾ, ದೊಡ್ಡವ್ವನ ಡಬ್ಬಿ ತೊಳದು ಕೊಡು."

ಭಾಗ್ಯ ಡಬ್ಬಿ ತೊಳೆದು ಒರೆಸಿದಳು. ರೂಢಿಯಂತೆ ರೊಟ್ಟಿಯ ಬುಟ್ಟಿಯ ಕಡೆ ಕೈ ಚಾಚಿದಳು.

"ಏನೂ ಹಾಕಬ್ಯಾಡ. ಹಂಗ ಕೊಡು."

ಹುಡುಗಿ ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಖಾಲಿ ಡಬ್ಬಿಯ ಮುಚ್ಚಳ ಹಾಕಿ ಕೊಟ್ಟಳು. ಬಾಗಿಲ ತನಕ ಬಂದಿದ್ದೆ, ಶರಣಿ ಹಿಂದಿನಿಂದ ಕೂಗಿ ನಿಲ್ಲಿಸಿದಳು.

"ಊರಾಗ ತಮ್ಮ ಅದಾನಲ್ಲ. ಅವಗ ಹೇಳಿದಿ?"

ಹೇಳಿರಲಿಲ್ಲ. ಇಷ್ಟೆಲ್ಲ ಆದ ಮೇಲೂ ನನಗೆ ಅದು ಹೊಳೆದಿರಲಿಲ್ಲ.

"ಈಗ ಹಚ್ಚು ಫೋನು. ನನ್ನ ಮುಂದ ಹಚ್ಚು."

ಹಚ್ಚಿದೆ. ತಮ್ಮ ಹೊಲದಲ್ಲಿದ್ದ. ನನಗೇನಾಗಿದೆ, ಕಲ್ಲಿನಂತೆ ಇದ್ದೇನೆ ಎಂದು ನಕ್ಕ. ಶರಣಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ನಾನೂ ಕಲ್ಲಿನಂಗ ಇದ್ದೆ. ನಾಳೆ ರಾಯಚೂರಿಗೆ ಹೋಗಿ ರಕ್ತ ಕೊಟ್ಟು ಬಾ. ಹೋಗಲಿಲ್ಲಂದ್ರ ಒಂದ ಕಾಲಿನ ಮ್ಯಾಲೆ ಬಂದು ಒಯ್ತೀನಿ." ತಮ್ಮ ಹೋದ. ಅವನಿಗೂ ಇತ್ತು. ಈಗಷ್ಟೇ ಶುರುವಾಗಿದೆ ಎಂದರು. ಗುಳಿಗೆ ನುಂಗುತ್ತಿದ್ದಾನೆ, ಅವನ ಎರಡೂ ಕಾಲು ಇವೆ.

ಮೇಲಿನವರು ಕರೆದಾಗ ಈಗ, ನನಗೆ ಷುಗರ್ ಇದೆ, ಬೇಡ್ರಿ ಎನ್ನುತ್ತೇನೆ. ಯಾರೂ ನಮ್ಮನ್ನು ತೆಗೆಯಲಿಲ್ಲ. ಕೆಲವರು ಪಕ್ಕದ ಬಿಲ್ಡಿಂಗಿಗೆ ಕೊಡುತ್ತಾರೆ. ಆ ವಾಚ್‌ಮನ್ ಹೆಂಡತಿಗೂ ಒಂದು ಸಲ ರಕ್ತ ತೋರಿಸಿಕೋ ಎಂದು ಹೇಳಿದ್ದೇನೆ. ಇದನ್ನು ಓದುವವರಿಗೆ ಷುಗರ್ ಇದ್ದರೆ, ನಿಮ್ಮ ಒಡಹುಟ್ಟಿದವರಿಗೆ ಇವತ್ತೇ ಹೇಳಿ. ನಾನು ಬರೆಯಲು ಕೂತದ್ದು ಇದೊಂದಕ್ಕೆ.

ಮಕ್ಕಳನ್ನು ಸಾಲಿಗೆ ಕಳಿಸಿ, ನಾನು ಎರಡು ರೊಟ್ಟಿ ತಿಂದು, ಶರಣಿಗೆ ಡಬ್ಬಿ ಒಯ್ಯುತ್ತೇನೆ. ಅವಳು ತಿನ್ನುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಗುಳಿಗಿ ನುಂಗಿದಿಯೇನು ಎಂದು ಒಂದೊಂದು ದಿನ ಕೇಳುತ್ತಾಳೆ. ನನ್ನ ರೊಟ್ಟಿಯ ಅಂಚು ಇನ್ನೂ ಸೀಳುತ್ತದೆ. ಅದನ್ನು ನೋಡಿ ಅವಳು ಈಗ ನಗುವುದಿಲ್ಲ. ಭಾಗ್ಯ ಡಬ್ಬಿ ತೊಳೆದು, ಬಟ್ಟೆಯಿಂದ ಒರೆಸಿ, ಖಾಲಿ ಕೊಡುತ್ತಾಳೆ. ಗಲ್ಲಿಯುದ್ದಕ್ಕೂ ಅದರ ತಾಟುಗಳು ಒಂದಕ್ಕೊಂದು ಬಡಿಯುತ್ತಾ ಬರುತ್ತವೆ.